ನೀರು ಮುಟ್ಟದ ಹುಡುಗ

ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು ಬಸು ಅನ್ನೋಣ. ವಯಸ್ಸು 16, ಗದಗ ಹತ್ತಿರದ ಹಳ್ಳಿ. ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಐದು ತಿಂಗಳಲ್ಲಿ ಎರಡು ಸಲ ಮೂತ್ರದ ಸೋಂಕು, ಜ್ವರ. ಯಾರ ಜೊತೆಗೂ ಮಾತಿಲ್ಲ. ಖಿನ್ನತೆ ಇರಬಹುದು ಅಂತ ನನ್ನನ್ನು ಕರೆಸಿದ್ದರು.

ಅವನ ಹಾಸಿಗೆ ಇದ್ದದ್ದು ಪಡಸಾಲೆಯಲ್ಲಿ. ಬಂದವರೆಲ್ಲ ಅವನನ್ನು ದಾಟಿಯೇ ಒಳಗೆ ಹೋಗಬೇಕು. ಅವ್ವ ಹೇಳಿದರು: "ಊಟಾ ಮಾಡ್ತಾನ್ರಿ ಮೇಡಂ. ನೀರ ಮಾತ್ರ ಮುಟ್ಟಂಗಿಲ್ಲ."

ಎಲ್ಲರನ್ನೂ ಸ್ವಲ್ಪ ಹೊರಗೆ ಕೂರಲು ಹೇಳಿದೆ. ಸಾಯಬೇಕು ಅನಿಸುತ್ತದಾ ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅಂತ ಕೆಲವರು ಹೆದರುತ್ತಾರೆ, ಹಾಗೇನೂ ಆಗಲ್ಲ. ಇಲ್ಲ ಅಂದ. ಮತ್ತೆ ನೀರು ಯಾಕೆ ಬೇಡ? ಬಹಳ ಹೊತ್ತು ಸುಮ್ಮನಿದ್ದ.

"ನೀರ ಕುಡದ್ರ ಮತ್ತ ಅವ್ವನ್ನ ಕರೀಬೇಕಲ್ರಿ."

ಅಷ್ಟೇ. ಮೂತ್ರ ತೆಗೆಯಲು ದಿನಕ್ಕೆ ನಾಲ್ಕೈದು ಸಲ ಪೈಪ್ ಹಾಕಬೇಕಿತ್ತು, ಹಾಕುತ್ತಿದ್ದದ್ದು ಅವ್ವ. ಪಡಸಾಲೆಯಲ್ಲೇ, ಒಂದು ಸೀರೆ ಅಡ್ಡ ಹಿಡಿದು. ಮೀಸೆ ಚಿಗುರುತ್ತಿರುವ ಹುಡುಗ. ಅವನ ಮೌನಕ್ಕೆ ಕಾಲಿಗಿಂತ ಈ ನಾಚಿಕೆಯೇ ಜಾಸ್ತಿ ಕಾರಣ ಅನಿಸಿತು ನನಗೆ. ನೀರು ಕಡಿಮೆಯಾದಷ್ಟೂ ಸೋಂಕಿಗೆ ದಾರಿ, ಜ್ವರ ಬಂದರೆ ಮತ್ತೆ ಅವ್ವನ ಕೈಗೇ. ಈ ವಿಷಯ ಮನೆಯವರಿಗೆ ಹೇಳಲಾ ಅಂತ ಅವನನ್ನೇ ಕೇಳಿದೆ. "ನೀವ ಹೇಳ್ರಿ" ಅಂದ.

ಅವನ ಕೈಗಳು ಗಟ್ಟಿಯಾಗಿದ್ದವು. ಹಾಗಾಗಿ ಪೈಪ್ ತಾನೇ ಹಾಕಿಕೊಳ್ಳುವುದನ್ನು ನರ್ಸ್ ಹತ್ತಿರ ಕಲಿಯಲು ಹೇಳಿದೆ. ಸೋಪಿನಲ್ಲಿ ಕೈ ತೊಳೆದು, ನಾಲ್ಕರಿಂದ ಆರು ತಾಸಿಗೊಮ್ಮೆ. ನೀರು ಎಷ್ಟು ಅಂತ ಡಾಕ್ಟರು ಹೇಳುತ್ತಾರೆ, ಅದನ್ನು ಹಗಲಿಗೆ ಹಂಚಿಕೊಂಡು ರಾತ್ರಿ ಕಡಿಮೆ ಮಾಡಿದರಾಯಿತು. ಜ್ವರ ಬಂದರೆ, ಮೂತ್ರ ಕದಡಿ ವಾಸನೆ ಬಂದರೆ ಕಾಯಬಾರದು. (ಕುತ್ತಿಗೆಗೆ ಪೆಟ್ಟಾಗಿ ಕೈಯಲ್ಲೂ ಶಕ್ತಿ ಇಲ್ಲದವರಿಗೆ ಈ ಸಲಹೆ ಹೀಗೇ ಹೊಂದಲ್ಲ.) ಕಾಳಿನ ಚೀಲ ಇಟ್ಟಿದ್ದ ಕೋಣೆ ಖಾಲಿ ಮಾಡಿ, ಅವನ ಕೈಗೆಟುಕುವ ಎತ್ತರದಲ್ಲಿ ಚಿಲಕ ಹಾಕಿಸಿ ಅಂತ ಅಪ್ಪನಿಗೆ ಹೇಳಿದೆ. ನಾನು ಕೊಟ್ಟ ಸಲಹೆಗಳಲ್ಲಿ ಅತಿ ಅಗ್ಗದ್ದು ಅದೇ ಚಿಲಕ.

ಅಪ್ಪನಿಗೆ ಇನ್ನೊಂದು ಮಾತು ಹೇಳಬೇಕಿತ್ತು. "ಉಗಾದಿಗೆ ಎದ್ದು ನಡೀತಾನ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಉಗಾದಿ ಹೋಗಿ, ದಸರೆಗೆ ಅನ್ನುತ್ತಿದ್ದರು. ಆಸೆ ಇರಲಿ, ಗಡುವು ಬೇಡ ಅಂದೆ. ಹಬ್ಬ ಬಂದು ಹೋದಾಗಲೆಲ್ಲ ಸೋತದ್ದು ಹುಡುಗ ಅಂತಾಗುತ್ತದೆ, ಅಲ್ವಾ?

ಶಾಲೆಯ ಮಾತು ಬೇಗ ಮುಗಿಯಿತು. 2016ರ ಅಂಗವಿಕಲರ ಹಕ್ಕು ಕಾಯ್ದೆ ಅವನ ಕಡೆಗಿದೆ. ಹತ್ತನೇ ತರಗತಿಯನ್ನು ಕೆಳಗಿನ ಕೋಣೆಗೆ ತಂದರು, ಎರಡು ಮೆಟ್ಟಿಲಿಗೆ ಇಳಿಜಾರು ಕಟ್ಟಿಸಿದರು. ವೀಲ್‌ಚೇರಿನಲ್ಲಿ ಹದಿನೈದು–ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತದಿದ್ದರೆ ಹುಣ್ಣಾಗಬಹುದು, ನೋವು ಗೊತ್ತಾಗದ ಕಾರಣ ಎಷ್ಟೋ ಸಲ ಅದು ಆಳಕ್ಕಿಳಿದ ಮೇಲೇ ಕಾಣುವುದು. ಅದಕ್ಕೆ ಗೆಳೆಯನೊಬ್ಬ ಗಡಿಯಾರ ನೋಡಿ ಮೊಣಕೈ ತಾಕಿಸುತ್ತಾನಂತೆ. ಆದರೆ ಕೇಳದೆ ಕುರ್ಚಿ ತಳ್ಳಬಾರದು ಅನ್ನುವುದು ಬಸುವಿನ ಕಾನೂನು.

ಮೂರನೇ ಸಲ ಹೋದಾಗ ಒಳಗಿನಿಂದ ಚಿಲಕದ ಸದ್ದು ಬಂತು. ಅವ್ವ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. "ಈಗ ನನ್ನ ಕರಿಯಂಗಿಲ್ರಿ" ಅಂದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಐದು ತಿಂಗಳು ಐದಾರು ತಾಸಿಗೊಮ್ಮೆ ಎದ್ದ ಹೆಂಗಸು, ನಿದ್ದೆ ಬರುತ್ತದಾ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಮುಂದಿನ ಭೇಟಿಯನ್ನು ಅವರ ಹೆಸರಿಗೆ ಬರೆದುಕೊಂಡೆ.