ನೋ-ಕೋಡ್ ಡೇಟಾಬೇಸ್‌ನ ಆನ್‌ಲೈನ್ ಫಾರ್ಮ್: ಓದುಗರ ಮೂರು ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಂಸ್ಥೆಯ ತರಬೇತಿ ಶಿಬಿರಗಳ ನೋಂದಣಿಯನ್ನು ಒಂದು ನೋ-ಕೋಡ್ (ಪ್ರೋಗ್ರಾಮಿಂಗ್ ಇಲ್ಲದೆ ರೂಪಿಸಬಹುದಾದ) ಡೇಟಾಬೇಸ್‌ನಲ್ಲಿ ನಡೆಸುತ್ತಿದ್ದೇವೆ. ಟೇಬಲ್‌ನಲ್ಲಿರುವ ಫೀಲ್ಡ್‌ಗಳಿಂದ (ಕಾಲಂಗಳಿಂದ) ಫಾರ್ಮ್ ತಾನಾಗಿಯೇ ಸಿದ್ಧವಾಗುತ್ತದೆ. ಆದರೆ ಹಲವರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ, ಕೆಲವರು ಎರಡೆರಡು ಸಲ ಸಲ್ಲಿಸುತ್ತಾರೆ, ಫೋನ್ ಸಂಖ್ಯೆಗಳಂತೂ ಒಂದೊಂದು ರೂಪದಲ್ಲಿ ಬರುತ್ತವೆ. ಇನ್ನೂ ಯಾವ ಸೌಲಭ್ಯಗಳನ್ನು ಸೇರಿಸಿದರೆ ಇದು ಸರಿಹೋಗುತ್ತದೆ?

ಉತ್ತರ: ನೀವು ಹೇಳಿರುವ ತೊಂದರೆಗಳಲ್ಲಿ ಬಹುಪಾಲಿನ ಮೂಲ ಒಂದೇ: ಟೇಬಲ್ ಹೇಗಿದೆಯೋ ಫಾರ್ಮ್ ಕೂಡ ಹಾಗೆಯೇ ಇದೆ. ಏರ್‌ಟೇಬಲ್, ಬೇಸ್‌ರೋ, ನೋಕೋಡಿಬಿಯಂತಹ ಸಾಧನಗಳಲ್ಲಿ ಫಾರ್ಮ್ ಎಂಬುದು ಟೇಬಲ್‌ನ ಇನ್ನೊಂದು ನೋಟವಾದ್ದರಿಂದ ಅದು ಕ್ಷಣದಲ್ಲಿ ತಯಾರಾಗುತ್ತದೆ. ಆದರೆ ಟೇಬಲ್ ರಚನೆಯಾಗಿರುವುದು ಮಾಹಿತಿಯನ್ನು ಇಟ್ಟುಕೊಳ್ಳುವವರ ಅನುಕೂಲಕ್ಕೇ ಹೊರತು ಅದನ್ನು ಕೊಡುವವರ ಅನುಕೂಲಕ್ಕಲ್ಲ. ಆದ್ದರಿಂದ ಸೇರಿಸುವ ಮೊದಲು ತೆಗೆಯುವ ಕೆಲಸವಾಗಬೇಕು. ಪ್ರತಿ ಫೀಲ್ಡನ್ನೂ ಮುಂದಿಟ್ಟುಕೊಂಡು, ಇದನ್ನು ತುಂಬುವವರು ಯಾರು ಎಂದು ಕೇಳಿಕೊಳ್ಳಿ. ಅರ್ಜಿಯ ಸ್ಥಿತಿ, ಹೊಣೆ ಹೊತ್ತವರ ಹೆಸರು, ಕಚೇರಿಯ ಟಿಪ್ಪಣಿ ಇವೆಲ್ಲ ನಿಮ್ಮ ಸಿಬ್ಬಂದಿ ತುಂಬುವಂಥವು. ಅವು ಫಾರ್ಮ್‌ನಲ್ಲಿ ಕಾಣಿಸಲೇಬಾರದು. ಉಳಿದವುಗಳಿಗೆ ಫೀಲ್ಡ್‌ನ ಹೆಸರನ್ನು ಹಾಗೆಯೇ ಬಿಡದೆ ಪ್ರಶ್ನೆಯ ರೂಪದ ಶೀರ್ಷಿಕೆ ಕೊಡಿ. ಟೇಬಲ್‌ನಲ್ಲಿ ‘ಹು.ದಿ.’ ಎಂದಿದ್ದರೆ ನಿಮಗೆ ಸಾಕು, ಆದರೆ ಫಾರ್ಮ್‌ನಲ್ಲಿ ‘ನಿಮ್ಮ ಹುಟ್ಟಿದ ದಿನಾಂಕ’ ಎಂದೇ ಇರಬೇಕು. ಸೂಚನೆಯನ್ನು ಉತ್ತರದ ಚೌಕದೊಳಗಿನ ತಿಳಿಬಣ್ಣದ ಅಕ್ಷರಗಳಲ್ಲಿ ಮಾತ್ರ ಇಡಬೇಡಿ, ಏಕೆಂದರೆ ಟೈಪ್ ಮಾಡಲು ತೊಡಗಿದ ಕೂಡಲೇ ಅದು ಮಾಯವಾಗುತ್ತದೆ. ಒಮ್ಮೆ ಕೊಟ್ಟ ಮಾಹಿತಿಯನ್ನು ಅದೇ ಪ್ರಕ್ರಿಯೆಯಲ್ಲಿ ಮತ್ತೆ ಬರೆಸಬಾರದೆಂಬುದು 2023ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 (ಜಾಲತಾಣಗಳನ್ನು ಎಲ್ಲರೂ ಬಳಸುವಂತಾಗಿಸುವ) ಮಾರ್ಗಸೂಚಿಯಲ್ಲಿಯೇ ಸೇರಿದೆ. ಇಮೇಲನ್ನು ಎರಡು ಪುಟಗಳಲ್ಲಿ ಕೇಳುವ ಫಾರ್ಮ್‌ಗಳು ಇದನ್ನು ಗಮನಿಸಬೇಕು.

ಅನಂತರ ಷರತ್ತುಗಳ ವಿಚಾರ. ‘ವಸತಿ ಬೇಕೇ?’ ಎಂಬುದಕ್ಕೆ ‘ಹೌದು’ ಎಂದವರಿಗೆ ಮಾತ್ರ ‘ಯಾವ ದಿನ ಬರುತ್ತೀರಿ?’ ಎಂಬ ಪ್ರಶ್ನೆ ಕಾಣುವಂತೆ ಮಾಡಿದರೆ ಫಾರ್ಮ್ ಅರ್ಧಕ್ಕರ್ಧ ಚಿಕ್ಕದೆನಿಸುತ್ತದೆ. ಆದರೆ ಒಬ್ಬರು ಮೊದಲು ‘ಹೌದು’ ಎಂದು ಆರಿಸಿ, ದಿನಾಂಕ ತುಂಬಿ, ಆಮೇಲೆ ಮನಸ್ಸು ಬದಲಿಸಿ ‘ಬೇಡ’ ಎಂದು ಒತ್ತಿದರೆ ಏನಾಗುತ್ತದೆ? ಪ್ರಶ್ನೆ ಮರೆಯಾಗುತ್ತದೆ, ಆದರೆ ತುಂಬಿದ ದಿನಾಂಕ ಅಳಿಯುತ್ತದೆಯೋ ಅಥವಾ ಸದ್ದಿಲ್ಲದೆ ಟೇಬಲ್‌ಗೆ ಹೋಗಿ ಸೇರುತ್ತದೆಯೋ ಎಂಬುದು ನೀವು ಬಳಸುವ ಸಾಧನವನ್ನು ಅವಲಂಬಿಸಿದೆ. ದಿನಾಂಕವಿರುವ ರೆಕಾರ್ಡ್‌ಗಳನ್ನಷ್ಟೇ (ಟೇಬಲ್‌ನ ಸಾಲುಗಳನ್ನಷ್ಟೇ) ಎಣಿಸಿ ಕೋಣೆ ಕಾಯ್ದಿರಿಸುವ ಪದ್ಧತಿ ನಿಮ್ಮಲ್ಲಿದ್ದರೆ, ಬಾರದವರಿಗೂ ಕೋಣೆ ಸಿದ್ಧವಾಗಿರುತ್ತದೆ. ಹೀಗೆಯೇ ತುಂಬಿ, ಬದಲಿಸಿ, ಸಲ್ಲಿಸಿ, ರೆಕಾರ್ಡನ್ನು ತೆರೆದು ಪರೀಕ್ಷಿಸಿ ನೋಡಿ; ಎಣಿಕೆಯ ಸೂತ್ರದಲ್ಲಿ ಎರಡೂ ಫೀಲ್ಡ್‌ಗಳನ್ನು ಪರಿಗಣಿಸಿ. ಕಡ್ಡಾಯವೆಂದು ಗುರುತಿಸಿದ ಪ್ರಶ್ನೆಯೊಂದು ಮರೆಯಾಗಿದ್ದಾಗ ಫಾರ್ಮ್ ಸಲ್ಲಿಕೆಯಾಗುತ್ತದೆಯೇ ಎಂಬುದನ್ನೂ ಜೊತೆಯಲ್ಲೇ ನೋಡಿಕೊಳ್ಳಿ.

ಫೋನ್ ಸಂಖ್ಯೆಯನ್ನು ‘ಸಂಖ್ಯೆ’ ಬಗೆಯ ಫೀಲ್ಡ್‌ನಲ್ಲಿ ಇಟ್ಟಿದ್ದರೆ ಇಂದೇ ಬದಲಿಸಿ. ಅಲ್ಲಿ ಮೊದಲ ಸೊನ್ನೆ ಉಳಿಯುವುದಿಲ್ಲ, ದೇಶದ ಕೋಡ್‌ಗೆ ಮುಂಚಿನ ಕೂಡುವ ಚಿಹ್ನೆಯೂ ನಿಲ್ಲುವುದಿಲ್ಲ. ಅದಕ್ಕೆ ಫೋನ್ ಬಗೆಯ ಅಥವಾ ಸರಳ ಪಠ್ಯದ ಫೀಲ್ಡ್ ಬೇಕು. ಅಂತರರಾಷ್ಟ್ರೀಯ ಮಾನದಂಡವಾದ ಇ.164ರ ಪ್ರಕಾರ ದೇಶದ ಕೋಡ್ ಸೇರಿ ಒಂದು ಸಂಖ್ಯೆ ಹೆಚ್ಚೆಂದರೆ 15 ಅಂಕಿಗಳಷ್ಟಿರಬಹುದು. ಪರಿಶೀಲನೆಗೆ ಇದನ್ನೇ ಮಿತಿಯಾಗಿ ಇಟ್ಟುಕೊಳ್ಳಬಹುದು. ಅಂಕಿಗಳ ನಡುವೆ ಜಾಗ ಬಿಟ್ಟರೆಂದೋ ಅಡ್ಡಗೆರೆ ಹಾಕಿದರೆಂದೋ ತುಂಬುವವರಿಗೆ ಕೆಂಪಕ್ಷರದಲ್ಲಿ ತಪ್ಪು ತೋರಿಸುವುದು ಸರಿಯಲ್ಲ, ಅವನ್ನು ತೆಗೆದುಹಾಕುವ ಕೆಲಸವನ್ನು ಒಂದು ಸೂತ್ರ ಮಾಡಿಕೊಡುತ್ತದೆ. ಫಾರ್ಮ್‌ನಲ್ಲಿ ನಡೆಯುವ ಪರಿಶೀಲನೆ ಆ ಬಾಗಿಲಿಗೆ ಮಾತ್ರ ಸೀಮಿತ. ಸಿಎಸ್‌ವಿ ಕಡತದಿಂದ (ಪಠ್ಯರೂಪದ ಪಟ್ಟಿಯಿಂದ), ಎಪಿಐ (ಬೇರೆ ತಂತ್ರಾಂಶಗಳು ಮಾಹಿತಿ ಕಳುಹಿಸುವ ದಾರಿ) ಮೂಲಕ, ಸಿಬ್ಬಂದಿ ನೇರವಾಗಿ ಟೇಬಲ್‌ನಲ್ಲಿ ಟೈಪ್ ಮಾಡಿದಾಗ ಬರುವ ಮಾಹಿತಿಯನ್ನು ಅದು ಕಾಣುವುದೇ ಇಲ್ಲ. ಆದ್ದರಿಂದ ಟೇಬಲ್‌ನಲ್ಲಿಯೇ ಒಂದು ಪರಿಶೀಲನಾ ಸೂತ್ರವಿಟ್ಟು, ತಪ್ಪಿರುವ ರೆಕಾರ್ಡ್‌ಗಳನ್ನಷ್ಟೇ ತೋರಿಸುವ ಒಂದು ವ್ಯೂ (ಟೇಬಲ್‌ನ ಆಯ್ದ ನೋಟ) ಮಾಡಿಡಿ. ಬಣ್ಣ, ಲೋಗೊ, ಹಿನ್ನೆಲೆ ಚಿತ್ರಗಳಿಗಿಂತ ಇದರ ಬೆಲೆ ಎಷ್ಟೋ ಪಾಲು ಹೆಚ್ಚೆಂಬುದು ನನ್ನ ದೃಢ ಅಭಿಪ್ರಾಯ.

ಎರಡೆರಡು ಸಲ ಸಲ್ಲಿಕೆಯಾಗುವುದಕ್ಕೆ ಫಾರ್ಮ್‌ನ ಸ್ವಭಾವವೇ ಕಾರಣ: ಸಾಮಾನ್ಯವಾಗಿ ಅದು ಪ್ರತಿ ಸಲವೂ ಹೊಸ ರೆಕಾರ್ಡ್ ಸೇರಿಸುತ್ತದೆಯೇ ಹೊರತು ಹಿಂದಿನದನ್ನು ಹುಡುಕುವುದಿಲ್ಲ. ‘ಸಲ್ಲಿಕೆಗಳು’ ಮತ್ತು ‘ವ್ಯಕ್ತಿಗಳು’ ಎಂದು ಎರಡು ಟೇಬಲ್ ಮಾಡಿ. ಫಾರ್ಮ್ ಮೊದಲನೆಯದಕ್ಕೆ ಮಾತ್ರ ಬರೆಯಲಿ. ಬಂದ ಇಮೇಲಿನ ಆಚೀಚೆಯ ಖಾಲಿ ಜಾಗ ತೆಗೆದು, ಅಕ್ಷರಗಳನ್ನೆಲ್ಲ ಸಣ್ಣಕ್ಷರಕ್ಕೆ ತಂದು, ಅದು ‘ವ್ಯಕ್ತಿಗಳು’ ಟೇಬಲ್‌ನಲ್ಲಿದೆಯೇ ಎಂದು ಆಟೊಮೇಷನ್ (ತಾನಾಗಿ ನಡೆಯುವಂತೆ ಹೊಂದಿಸಿದ ಕ್ರಮ) ಹುಡುಕಲಿ. ಇದ್ದರೆ ಆ ರೆಕಾರ್ಡ್‌ಗೆ ಜೋಡಿಸಲಿ, ಇಲ್ಲದಿದ್ದರೆ ಹೊಸದನ್ನು ಸೃಷ್ಟಿಸಲಿ. ‘ಈ ಇಮೇಲ್ ಈಗಾಗಲೇ ನೋಂದಣಿಯಾಗಿದೆ’ ಎಂದು ಸಾರ್ವಜನಿಕ ಫಾರ್ಮ್‌ನಲ್ಲೇ ತೋರಿಸುವ ಆಸೆ ಸಹಜ, ಆದರೆ ಹಾಗೆ ಮಾಡಿದರೆ ಯಾರು ನೋಂದಾಯಿಸಿದ್ದಾರೆಂಬುದನ್ನು ಅಪರಿಚಿತರೂ ಒಂದೊಂದೇ ಇಮೇಲ್ ಹಾಕಿ ತಿಳಿದುಕೊಳ್ಳಬಹುದು. ಸಲ್ಲಿಸಿದ ಮೇಲೆ ಸ್ಪಷ್ಟವಾದ ಸ್ವೀಕೃತಿ ಸಂದೇಶ ತೋರಿಸಿ, ಉತ್ತರಗಳ ಪ್ರತಿಯನ್ನು ಇಮೇಲ್‌ನಲ್ಲಿ ಕಳುಹಿಸಿದರೆ, ತಲುಪಿತೋ ಇಲ್ಲವೋ ಎಂಬ ಅನುಮಾನದಿಂದ ಮತ್ತೆ ಸಲ್ಲಿಸುವವರು ಕಡಿಮೆಯಾಗುತ್ತಾರೆ.

ಪ್ರಶ್ನೆ: ಸದಸ್ಯರ ಹೆಸರು, ಫೋನ್ ಮತ್ತು ಶುಲ್ಕದ ರಿಯಾಯಿತಿಯನ್ನು ಮೊದಲೇ ತುಂಬಿದ ಲಿಂಕ್ ಕಳುಹಿಸುತ್ತೇವೆ. ರಿಯಾಯಿತಿಯ ಫೀಲ್ಡ್ ಅವರಿಗೆ ಕಾಣದಂತೆ ಅಡಗಿಸಿದ್ದೇವೆ. ಇದು ಸುರಕ್ಷಿತವೇ? ಕೆಲವರ ಫೋನ್ ಸಂಖ್ಯೆ, ಸಂಸ್ಥೆಯ ಹೆಸರು ತುಂಡಾಗಿ ಬರುತ್ತಿರುವುದೇಕೆ?

ಉತ್ತರ: ಸುರಕ್ಷಿತವಲ್ಲ. ಇಂಥ ಲಿಂಕ್‌ನಲ್ಲಿ ಫೀಲ್ಡ್‌ನ ಹೆಸರು, ಅದರಲ್ಲಿ ತುಂಬಿದ ಮಾಹಿತಿ ಎರಡೂ ಬ್ರೌಸರ್‌ನ ವಿಳಾಸದ ಸಾಲಿನಲ್ಲೇ ಬರೆದಿರುತ್ತವೆ. ಅಡಗಿಸುವುದು ಫಾರ್ಮ್‌ನ ನೋಟದಿಂದ ಮಾತ್ರ. ಲಿಂಕ್‌ನಲ್ಲಿರುವ 10 ಎಂಬುದನ್ನು 90 ಎಂದು ತಿದ್ದಲು ಯಾವ ಪರಿಣತಿಯೂ ಬೇಕಾಗಿಲ್ಲ. ರಿಯಾಯಿತಿಯನ್ನು ಸದಸ್ಯರ ಟೇಬಲ್‌ನಲ್ಲಿಟ್ಟು, ಸಲ್ಲಿಕೆ ಬಂದ ಮೇಲೆ ಅಲ್ಲಿಂದಲೇ ಲುಕಪ್ (ಜೋಡಿಸಿದ ಟೇಬಲ್‌ನಿಂದ ಮಾಹಿತಿ ತರುವ ಫೀಲ್ಡ್) ಮೂಲಕ ಪಡೆಯಿರಿ. ಲಿಂಕ್‌ನಲ್ಲಿ ಬರುವುದನ್ನೆಲ್ಲ ತುಂಬುವವರೇ ಬರೆದದ್ದೆಂದು ಭಾವಿಸಬೇಕು.

ಇನ್ನು ತುಂಡಾಗುವ ವಿಚಾರ. ಲಿಂಕ್‌ನಲ್ಲಿ ‘&’ ಚಿಹ್ನೆ ಒಂದು ಫೀಲ್ಡ್ ಮುಗಿದು ಇನ್ನೊಂದು ಆರಂಭವಾಯಿತೆಂದು ಸೂಚಿಸುತ್ತದೆ; ಸಂಸ್ಥೆಯ ಹೆಸರಿನಲ್ಲಿಯೇ ಆ ಚಿಹ್ನೆ ಇದ್ದರೆ ಅದರಾಚೆಯ ಭಾಗ ಕಳಚಿಹೋಗುತ್ತದೆ. ‘+’ ಚಿಹ್ನೆ ಸಾಮಾನ್ಯವಾಗಿ ಖಾಲಿ ಜಾಗವಾಗಿ ಬದಲಾಗುವುದರಿಂದ ದೇಶದ ಕೋಡ್ ಇರುವ ಫೋನ್ ಸಂಖ್ಯೆ ಕೆಡುತ್ತದೆ. ಲಿಂಕ್ ತಯಾರಿಸುವ ಸೂತ್ರದಲ್ಲಿ ತುಂಬುವ ಪ್ರತಿ ಮಾಹಿತಿಯನ್ನೂ ಯುಆರ್‌ಎಲ್ ಎನ್‌ಕೋಡ್ ಮಾಡುವ (ಇಂಥ ಚಿಹ್ನೆಗಳನ್ನು ಲಿಂಕ್‌ನಲ್ಲಿ ಕೆಡದ ಸಂಕೇತಗಳಾಗಿಸುವ) ಫಂಕ್ಷನ್ ಮೂಲಕ ಹಾಯಿಸಿದರೆ ಎರಡೂ ಸರಿಯಾಗುತ್ತವೆ. ಆಗ ಕನ್ನಡದ ಹೆಸರುಗಳಿರುವ ಲಿಂಕ್ ಬಹಳ ಉದ್ದವಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ: ‘ಕ’ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಒಂದು ಪದ್ಧತಿ) 3 ಬೈಟ್ ಆಗಿ, ಲಿಂಕ್‌ನಲ್ಲಿ 9 ಚಿಹ್ನೆಗಳಾಗುತ್ತದೆ, ಮೂರು ಸಂಕೇತಗಳು ಸೇರಿದ ‘ಕ್ಷ’ 27 ಚಿಹ್ನೆಗಳಾಗುತ್ತದೆ.

ನೀವು ಕೇಳಿಲ್ಲವಾದರೂ ಇನ್ನೊಂದನ್ನು ಹೇಳಲೇಬೇಕು. ಬೇರೆ ಟೇಬಲ್‌ಗೆ ಜೋಡಿಸುವ ಫೀಲ್ಡನ್ನು ಸಾರ್ವಜನಿಕ ಫಾರ್ಮ್‌ನಲ್ಲಿ ಇಟ್ಟರೆ, ಆ ಟೇಬಲ್‌ನ ರೆಕಾರ್ಡ್‌ಗಳ ಮುಖ್ಯ ಫೀಲ್ಡ್ ಎಲ್ಲರಿಗೂ ಆಯ್ಕೆಯ ಪಟ್ಟಿಯಾಗಿ ಕಾಣಬಹುದು. ‘ನಿಮ್ಮ ಹೆಸರನ್ನು ಆರಿಸಿ’ ಎಂದು ಸದಸ್ಯರ ಟೇಬಲನ್ನು ಜೋಡಿಸಿದ್ದರೆ ಲಿಂಕ್ ಸಿಕ್ಕವರಿಗೆಲ್ಲ ಸದಸ್ಯರ ಪಟ್ಟಿಯೇ ಸಿಕ್ಕಂತೆ. ಶಿಬಿರದ ಹೆಸರಿನಂತಹ ಬಹಿರಂಗ ವಿಷಯಕ್ಕೆ ಮಾತ್ರ ಈ ಬಗೆಯ ಫೀಲ್ಡ್ ಬಳಸಿ, ಅದನ್ನೂ ಸೌಲಭ್ಯವಿದ್ದಲ್ಲಿ ಒಂದು ನಿರ್ದಿಷ್ಟ ವ್ಯೂಗೆ ಸೀಮಿತಗೊಳಿಸಿ.

ಪ್ರಶ್ನೆ: ಸಲ್ಲಿಸಿದ ಮೇಲೆ ತಿದ್ದಲು ಅವಕಾಶ ಕೊಡುವುದು ಹೇಗೆ?

ಉತ್ತರ: ನಿಮ್ಮ ಸಾಧನದಲ್ಲಿ ರೆಕಾರ್ಡ್ ತಿದ್ದುವ ಫಾರ್ಮ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ತಿದ್ದುಪಡಿಗೆಂದೇ ಎರಡನೆಯ ಫಾರ್ಮ್ ಮಾಡಿ, ಅದರಲ್ಲಿ ಬದಲಾಗಬಹುದಾದ ಕೆಲವೇ ಪ್ರಶ್ನೆಗಳನ್ನಿಟ್ಟು, ಮೂಲ ಸಲ್ಲಿಕೆಯ ಗುರುತನ್ನು ಲಿಂಕ್‌ನಲ್ಲಿ ಸೇರಿಸಿ, ಬಂದ ತಿದ್ದುಪಡಿಯನ್ನು ಆಟೊಮೇಷನ್ ಮೂಲಕ ಮೂಲ ರೆಕಾರ್ಡ್‌ಗೆ ಹಾಕಿಸಿ. ಗುರುತಾಗಿ 41, 42 ಎಂಬ ಕ್ರಮಸಂಖ್ಯೆಯನ್ನು ಬಳಸಲೇಬೇಡಿ, ಏಕೆಂದರೆ ಒಂದಂಕಿ ಬದಲಿಸಿದರೆ ಬೇರೊಬ್ಬರ ಮಾಹಿತಿಯನ್ನೇ ತಿದ್ದಿಬಿಡಬಹುದು. ಯುಯುಐಡಿಯಂತಹ ಊಹಿಸಲಾಗದ ಉದ್ದನೆಯ ಗುರುತು ಬೇಕು. ಅದರ 4ನೆಯ ಆವೃತ್ತಿಯಲ್ಲಿ 122 ಬಿಟ್‌ಗಳು ಯಾದೃಚ್ಛಿಕವಾಗಿರುತ್ತವೆ. ಲಿಂಕನ್ನು ನೋಂದಣಿಯಾದ ಇಮೇಲಿಗಷ್ಟೇ ಕಳುಹಿಸಿ, ತಿದ್ದುವ ಕೊನೆಯ ದಿನಾಂಕವನ್ನು ಅದರಲ್ಲೇ ತಿಳಿಸಿ, ಆ ದಿನಾಂಕ ದಾಟಿ ಬಂದ ತಿದ್ದುಪಡಿಯನ್ನು ಆಟೊಮೇಷನ್ ತಾನೇ ಅನ್ವಯಿಸದೆ ಸಿಬ್ಬಂದಿಯ ಪರಿಶೀಲನೆಗೆ ಕಳುಹಿಸುವಂತೆ ಮಾಡಿ. ಹಳೆಯ ಉತ್ತರದ ಮೇಲೆ ಹೊಸದನ್ನು ಬರೆಯುವ ಮುನ್ನ ತಿದ್ದುಪಡಿಗಳ ಟೇಬಲ್‌ನಲ್ಲಿ ಹಳೆಯದರ ಪ್ರತಿಯೊಂದು ಉಳಿಯಲಿ, ಯಾರಾದರೂ ‘ನಾನು ಹೀಗೆ ಬರೆದಿರಲಿಲ್ಲ’ ಎಂದು ಕೇಳಿದಾಗ ಉತ್ತರ ಕೊಡಲು ಅದೊಂದೇ ಆಧಾರವಾಗಿರುತ್ತದೆ.