ಬೆಳಗ್ಗೆ ಐದೂವರೆಯ ಸೌತೆಕಾಯಿ

ಪ್ರಶ್ನೆ: ಸೂರ್ಯೋದಯ ನೋಡಲು ಭಾನುವಾರ ನಂದಿ ಬೆಟ್ಟಕ್ಕೆ ಹೋಗುತ್ತೇವೆ. ದಾರಿಯಲ್ಲಿ ಐದೂವರೆಗೇ, ಇನ್ನೂ ಕತ್ತಲಿರುವಾಗ, ಹತ್ತು ವರ್ಷದ ಹುಡುಗಿಯೊಬ್ಬಳು ತಾಯಿಯ ಪಕ್ಕ ನಿಂತು ಸೌತೆಕಾಯಿ ಹೋಳು ಮಾರುತ್ತಾಳೆ. ಕೊಳ್ಳುವುದೋ ಬಿಡುವುದೋ? ದೂರು ಕೊಟ್ಟರೆ ಆ ತಾಯಿಗೆ ತೊಂದರೆಯಾಗುತ್ತದೆಯೇ?
– ಚಿಕ್ಕಬಳ್ಳಾಪುರದ ಓದುಗರು

ಉತ್ತರ: ಕೊಳ್ಳಿ, ಆದರೆ ತಾಯಿಯ ಕೈಯಿಂದ. ದುಡ್ಡೂ ಅವರ ಕೈಗೇ ಹೋಗಲಿ. ಪಾಪ ಅನ್ನಿಸಿ ಮಗುವಿನ ಕೈಗೆ ಹತ್ತು ರೂಪಾಯಿ ಹೆಚ್ಚಿಗೆ ಇಟ್ಟರೆ, ಮಗು ನಿಂತರೇ ವ್ಯಾಪಾರ ಅನ್ನುವ ಲೆಕ್ಕ ಮನೆಯಲ್ಲಿ ಗಟ್ಟಿಯಾಗುತ್ತದೆ. ಮುಂದಿನ ವಾರ ತಮ್ಮನೂ ಬುಟ್ಟಿ ಹಿಡಿದು ನಿಂತಿರುತ್ತಾನೆ.

ಅಮ್ಮನಿಗೆ ಕೈ ಜೋಡಿಸಿದ್ದೇ ತಪ್ಪಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಮನೆಯವರದೇ ಅಪಾಯವಿಲ್ಲದ ಕಸುಬಾದರೆ ಶಾಲೆಯ ಹೊತ್ತು ಮುಗಿದ ಮೇಲೆ, ರಜೆಯಲ್ಲಿ ನೆರವಾಗಬಹುದು. ಬಹಳ ಜನ ಇಲ್ಲಿಗೇ ಓದಿ ನಿಲ್ಲಿಸುತ್ತಾರೆ. 2017ರ ನಿಯಮದಲ್ಲಿ ಹೊತ್ತಿನ ಕಟ್ಟೂ ಇದೆ: ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೂಡದು, ಬಿಡುವು ಬಿಟ್ಟು ದಿನಕ್ಕೆ 3 ಗಂಟೆ ಮೀರಕೂಡದು. ಬೆಟ್ಟದ ಗಿರಾಕಿ ಬರುವುದೇ ಮಂಜು ಕರಗುವ ಮುಂಚೆ. ಹಾಗಾಗಿ ಭಾನುವಾರವಾದರೂ ಐದೂವರೆಯ ಆ ಮಾರಾಟ ನಿಯಮಕ್ಕೆ ಹೊರಗೇ. ತಂದೆ ತಾಯಿಗೆ ಮೊದಲ ಸಲ ಶಿಕ್ಷೆಯಿಲ್ಲ. ಮತ್ತೆ ಮಾಡಿದರೆ 10,000 ರೂಪಾಯಿವರೆಗೆ ದಂಡ.

ನಿಜವಾಗಿ ನೋಡಬೇಕಾದದ್ದು ಸೋಮವಾರ ಹುಡುಗಿ ಶಾಲೆಗೆ ಹೋಗುತ್ತಾಳೋ ಇಲ್ಲವೋ ಎಂಬುದನ್ನು. ಅವಸರವಿಲ್ಲದೆ ಮಾತಾಡಿಸಿ: ಯಾವ ಸ್ಕೂಲು, ಎಷ್ಟನೇ ಕ್ಲಾಸು, ಮೊನ್ನೆ ಬಿಸಿಯೂಟಕ್ಕೆ ಏನಿತ್ತು? ಹೋಗುವ ಮಗು ಸಾರಿನ ರುಚಿಯವರೆಗೂ ಹೇಳುತ್ತದೆ. ಹೋಗದ ಮಗು ಅಮ್ಮನ ಮುಖ ನೋಡುತ್ತದೆ. (ಈ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಉತ್ತರ ಬರಲಿಲ್ಲವೆಂದು ತಪ್ಪು ತಿಳಿಯಬೇಡಿ, ತೆಲುಗಲ್ಲೂ ಕೇಳಿ ನೋಡಿ.)

ಶಾಲೆಗೆ ಹೋಗುತ್ತಿಲ್ಲವೆಂದರೆ ತಾಯಿ ಹೇಳುವ ಕಾರಣ ಹೆಚ್ಚಾಗಿ ಕಾಗದದ್ದೇ: ಹಿಂದಿನ ಊರಿನ ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ, ಈಗ ಸೇರಿಸಿಕೊಳ್ಳಲ್ಲ ಅಂದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ಮೂರೂ ನೆಪಗಳೇ. ವಯಸ್ಸಿಗೆ ತಕ್ಕ ತರಗತಿಗೆ ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳಬೇಕು. ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಮುಖ್ಯೋಪಾಧ್ಯಾಯರು ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿ ಮಾತಿಗೆ ಅಲ್ಲಿ ಬೆಲೆ ಕಡಿಮೆ.

ಇನ್ನು ಮಕ್ಕಳ ಸಹಾಯವಾಣಿ 1098. ದಿನದ 24 ಗಂಟೆಯೂ ಉಚಿತ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. "ನಂದಿ ಬೆಟ್ಟದಲ್ಲಿ ಮಕ್ಕಳು ಮಾರುತ್ತಿದ್ದಾರೆ" ಎಂದಷ್ಟೇ ಹೇಳಿದರೆ ಯಾರೂ ಹುಡುಕಲಾರರು. ಯಾವ ತಿರುವು, ಯಾವ ಅಂಗಡಿಯ ಎದುರು, ಯಾವ ವಾರ ಎಷ್ಟು ಗಂಟೆಗೆ, ಅಂದಾಜು ವಯಸ್ಸು, ಜೊತೆಗೆ ದೊಡ್ಡವರು ಯಾರಿದ್ದಾರೆ, ಆಡುವ ಭಾಷೆ ಯಾವುದು – ಇಷ್ಟು ಬೇಕು. ನೀವೇ ಮಗುವನ್ನು ಕಾರಿಗೆ ಹತ್ತಿಸಿಕೊಂಡು ಠಾಣೆಗೆ ಹೊರಡಬೇಡಿ. ತಾಯಿ ಹೆದರಿ ಮರುದಿನವೇ ಜಾಗ ಬದಲಿಸುತ್ತಾಳೆ, ಆಮೇಲೆ ಮಗು ಯಾರ ಕಣ್ಣಿಗೂ ಸಿಗುವುದಿಲ್ಲ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವುದಂತೂ ಬೇಡವೇ ಬೇಡ.

ಪ್ರಶ್ನೆ: ದೇವರಾಯನದುರ್ಗದ ದಾರಿಯ ಹೋಟೆಲೊಂದರಲ್ಲಿ ಹನ್ನೆರಡರ ಹುಡುಗ ತಟ್ಟೆ ತೊಳೆಯುತ್ತಿದ್ದ. ಕೇಳಿದರೆ ಮಾಲೀಕರು "ನಮ್ಮ ನೆಂಟರ ಹುಡುಗ" ಎಂದರು.
– ತುಮಕೂರಿನ ಓದುಗರು

ಉತ್ತರ: ಎಲ್ಲರೂ ಹೇಳುವ ಮಾತೇ ಅದು. ಕಾಯ್ದೆಯ ಲೆಕ್ಕದಲ್ಲಿ ಮನೆಯವರೆಂದರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮತ್ತೆ ತಂದೆಯ ಇಲ್ಲವೇ ತಾಯಿಯ ಒಡಹುಟ್ಟಿದವರು. ದೂರದ ನೆಂಟರು ಇದರಲ್ಲಿ ಬರುವುದಿಲ್ಲ. ಸ್ವಂತ ಸೋದರಮಾವನೇ ಆದರೂ ಶಾಲೆಯ ಹೊತ್ತಲ್ಲಿ, ಬುಧವಾರ ಹನ್ನೊಂದು ಗಂಟೆಗೆ, ಹುಡುಗ ತಟ್ಟೆ ತೊಳೆಯುವಂತಿಲ್ಲ. ಕೆಲಸಕ್ಕೆ ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ನೀವು ನೋಡಿದ ವಾರ, ಗಂಟೆ ಬರೆದಿಟ್ಟುಕೊಂಡು 1098ಕ್ಕೋ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗೋ ತಿಳಿಸಿ.