ಶಾರ್ಜಾದ ಹಿತ್ತಲಿಗೆ ಯುಗಾದಿಯ ಲೆಕ್ಕ ಬೇಡ, ದಸರಾದ ಲೆಕ್ಕ ಹಿಡಿಯಿರಿ

ನಮಸ್ಕಾರ ಸರ್. ಉಳಿದವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡ್ತೀನಿ. ನಿವೃತ್ತಿಯ ನಂತರ ಶಾರ್ಜಾದ ಬಾಡಿಗೆ ವಿಲ್ಲಾದಲ್ಲಿ ನೀವಿಬ್ಬರೇ ಇದ್ದೀರಿ, ಹಿಂದೆ 12 ಅಡಿಗೆ 20 ಅಡಿ ಜಾಗ ಇದೆ. ಊರಿಂದ ತಂದ ಬೀಜವನ್ನು ಯುಗಾದಿ ಮುಗಿದ ಮೇಲೆ ಹಾಕಿದಿರಿ. ಈಗ ಮೇ ತಿಂಗಳಲ್ಲಿ ಟೊಮೆಟೊ ಹೂ ಉದುರುತ್ತಿದೆ, ಕುಂಡದ ಕರಿಬೇವು ಹಳದಿಯಾಗಿದೆ, ಬಸಳೆ ಎಲೆಯ ಅಂಚು ಸುಟ್ಟಂತಿದೆ. ಫೋಟೊ ಹಾಕಿ, ಗೊಬ್ಬರ ಎಷ್ಟು ಹಾಕಬೇಕು ಅಂತ ಕೇಳಿದ್ದೀರಿ. ಜುಲೈ, ಆಗಸ್ಟ್ ಎರಡು ತಿಂಗಳು ಊರಿಗೆ ಹೋಗುವವರಿದ್ದೀರಿ.

ಗೊಬ್ಬರದ ಮಾತು ಸದ್ಯಕ್ಕೆ ಬಿಡಿ. ಈ ಮೂರರಲ್ಲಿ ಒಂದಕ್ಕೂ ಗೊಬ್ಬರ ಕಡಿಮೆಯಾಗಿಲ್ಲ. ಒಂದು ಕಾಲದ ತಪ್ಪು, ಒಂದು ಕಬ್ಬಿಣದ ಕೊರತೆ, ಇನ್ನೊಂದು ಉಪ್ಪು.

ಕಾಲದ ವಿಷಯ ಮೊದಲು. ನಮ್ಮಲ್ಲಿ ಯುಗಾದಿ ಕಳೆದು ಮುಂಗಾರು ನೋಡಿಕೊಂಡು ಬಿತ್ತುವುದು ರಕ್ತದಲ್ಲೇ ಬಂದಿದೆ. ಅಲ್ಲಿ ಮಾತ್ರ ಅದು ತಲೆಕೆಳಗು. ಕೊಲ್ಲಿಯಲ್ಲಿ ತರಕಾರಿಯ ವರ್ಷ ಶುರುವಾಗುವುದು ಗಣೇಶನ ಹಬ್ಬ ಮುಗಿದ ಮೇಲೆ, ಮುಗಿಯುವುದು ಯುಗಾದಿಯ ಹೊತ್ತಿಗೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸಕ್ಕೆ ಬರುವುದಿಲ್ಲ. ಹೂ ಬರುತ್ತದೆ, ತೊಟ್ಟಿನ ಗಂಟು ಹಳದಿಯಾಗಿ ಉದುರುತ್ತದೆ. ನೀರು ಹೆಚ್ಚಿಸಿದರೂ ಔಷಧಿ ಹೊಡೆದರೂ ನಿಲ್ಲುವುದಿಲ್ಲ. ಆ ಗಿಡಗಳನ್ನು ಕಿತ್ತುಬಿಡಿ. ಬೇಸಿಗೆಯಲ್ಲಿ ಅವನ್ನು ಉಳಿಸಿಕೊಂಡರೆ ಬಿಳಿನೊಣ ಸಾಕಿದಂತೆ. ಸೆಪ್ಟೆಂಬರ್ ಮೊದಲ ವಾರ ನೆರಳಿನಲ್ಲಿ ಟ್ರೇಗೆ ಬೀಜ ಹಾಕಿ, ದಸರಾ ಹೊತ್ತಿಗೆ ಸಸಿ ನೆಟ್ಟರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಣ್ಣು ಸಿಗುತ್ತದೆ. ಬದನೆ, ಮೆಣಸಿನ ಸಸಿಗೂ ಇದೇ ಲೆಕ್ಕ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಯನ್ನು ಅಕ್ಟೋಬರ್ ಕೊನೆಗೆ ಹಾಕಿ. ಅದಕ್ಕೂ ಮೊದಲು ಹಾಕಿದರೆ ಕೊತ್ತಂಬರಿ ಮೊಳೆಯುವುದೇ ಅಪರೂಪ.

ಈಗಿನಿಂದ ಸೆಪ್ಟೆಂಬರ್‌ವರೆಗೆ ತಡೆಯುವಂಥವು ಬಸಳೆ, ಹರಿವೆ, ಬೆಂಡೆ, ಅಲಸಂದೆ, ನುಗ್ಗೆ, ಕರಿಬೇವು, ದುಂಡುಮಲ್ಲಿಗೆ. ನೀವು ಊರಿಗೆ ಹೋಗುವವರಾದ್ದರಿಂದ ಹೊಸದಾಗಿ ಬೆಂಡೆ, ಅಲಸಂದೆ ಹಾಕಬೇಡಿ. ಕೊಯ್ಯುವ ಹೊತ್ತಿಗೆ ನೀವೇ ಇರುವುದಿಲ್ಲ.

ಇನ್ನು ಕರಿಬೇವು. ಫೋಟೊದಲ್ಲಿ ಚಿಗುರೆಲೆ ಹಳದಿ, ನರ ಮಾತ್ರ ಹಸಿರು, ಕೆಳಗಿನ ಹಳೆ ಎಲೆ ಚೆನ್ನಾಗಿದೆ. ಇದು ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾಗಿದ್ದರೆ ಮೊದಲು ಹಳೆ ಎಲೆ ಹಳದಿಯಾಗುತ್ತಿತ್ತು. ಅಲ್ಲಿನ ಮರಳಿನಲ್ಲಿ ಸುಣ್ಣದ ಅಂಶ ಹೆಚ್ಚು, ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 8ರ ಆಸುಪಾಸು ಇರುತ್ತದೆ. ಕಬ್ಬಿಣ ಮಣ್ಣಲ್ಲೇ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಫೆರಸ್ ಸಲ್ಫೇಟ್ ಹಾಕಿದರೆ ಅದೂ ಹಾಗೇ ಗಟ್ಟಿಯಾಗಿ ಕೂತುಬಿಡುತ್ತದೆ. ಕಬ್ಬಿಣ ಗಟ್ಟಿಯಾಗದಂತೆ ಹಿಡಿದಿಡುವ ವಸ್ತು ಸೇರಿಸಿದ ಪುಡಿ ಸಿಗುತ್ತದೆ, ಅದರಲ್ಲಿ ಇಡಿಟಿಎ ಅಂತ ಬರೆದಿರುವುದು ಕೂಡ ಈ ಪಿಎಚ್‌ಗೆ ನಿಲ್ಲುವುದಿಲ್ಲ. ಪ್ಯಾಕೆಟ್ ಮೇಲೆ ಇಡಿಡಿಎಚ್‌ಎ ಅಂತ ಇರಬೇಕು, ಪುಡಿ ಕಡುಗೆಂಪಾಗಿ ಇರುತ್ತದೆ. 40 ಲೀಟರ್ ಕುಂಡಕ್ಕೆ 5 ಗ್ರಾಂ ಪುಡಿಯನ್ನು 5 ಲೀಟರ್ ನೀರಲ್ಲಿ ಕದಡಿ, ಸಂಜೆ, ಮೊದಲೇ ಒದ್ದೆ ಮಾಡಿಟ್ಟ ಮಣ್ಣಿಗೆ ಹೊಯ್ಯಿರಿ. ಎಲೆಗೆ ಬೇಡ. ಬಿಸಿಲು ಬಿದ್ದರೆ ಅದು ಒಡೆದುಹೋಗುತ್ತದೆ, ಅದಕ್ಕೇ ಸಂಜೆ. ಎರಡು ಮೂರು ವಾರದಲ್ಲಿ ಬರುವ ಹೊಸ ಚಿಗುರು ನೋಡಿ, ಹಳದಿಯಾದ ಎಲೆ ಪೂರ್ತಿ ಹಸಿರಾಗಲಿ ಅಂತ ಕಾಯಬೇಡಿ. ಹುಳಿ ಮಜ್ಜಿಗೆ ಹೊಯ್ಯುವವರು ಬಹಳ ಜನ. ಊರಿನ ಕೆಂಪು ಮಣ್ಣಿನಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ಈ ಸುಣ್ಣದ ಮರಳನ್ನು ಒಂದು ಲೋಟ ಮಜ್ಜಿಗೆ ಏನೂ ಮಾಡಲಾರದು.

ಊರಿಂದ ಕರಿಬೇವಿನ ಸಸಿ ತರುತ್ತೇನೆ ಅಂದಿದ್ದೀರಿ, ದಯವಿಟ್ಟು ಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ ಇಲ್ಲದೆ ಗಿಡ ತರುವಂತಿಲ್ಲ. ಜೊತೆಗೆ ನಿಂಬೆ ಜಾತಿಗೆ ರೋಗ ಹರಡುವ ಸಿಲ್ಲಿಡ್ ಕೀಟ ಕರಿಬೇವಿನ ಚಿಗುರಿನಲ್ಲೇ ಕೂತು ಬರುತ್ತದೆ. ದುಬೈಯ ವರ್ಸಾನ್ ಕಡೆಯ ನರ್ಸರಿಗಳು ನಿಮಗೆ ದೂರವೇನಲ್ಲ, ಅಲ್ಲೇ ಕೊಳ್ಳಿ. ಕೊಳ್ಳುವ ಮೊದಲು ಎಲೆಯ ಹಿಂಬದಿ ನೋಡಿ, ಕುಂಡದ ತಳದ ತೂತಿನಿಂದ ಬೇರು ಸುತ್ತಿಕೊಂಡು ಹೊರಬಂದಿದ್ದರೆ ಬಿಟ್ಟುಬಿಡಿ.

ಬಸಳೆಯ ಅಂಚು ಸುಟ್ಟಿರುವುದಕ್ಕೆ ಕಾರಣ ನಿಮ್ಮ ಫೋಟೊದಲ್ಲೇ ಇದೆ. ಕುಂಡದ ಬಾಯಿಯ ಸುತ್ತ ಬಿಳಿ ಗೆರೆ ಕಟ್ಟಿದೆಯಲ್ಲ, ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ, ಅದು ಉಪ್ಪು. ಅಲ್ಲಿ ನಲ್ಲಿಯಲ್ಲಿ ಬರುವ ಸಮುದ್ರದ ಸಿಹಿಗೊಳಿಸಿದ ನೀರಿನಲ್ಲಿ ಉಪ್ಪು ಕಡಿಮೆಯೇ. ಆದರೆ ದಿನಾ ಸ್ವಲ್ಪ ಸ್ವಲ್ಪ ನೀರು ಕೊಟ್ಟರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ಮೇಲೆ ರಾಸಾಯನಿಕ ಗೊಬ್ಬರ, ಸರಿಯಾಗಿ ಕಳಿಯದ ಹಟ್ಟಿಗೊಬ್ಬರದ ಉಪ್ಪೂ ಸೇರುತ್ತದೆ. ಇದಕ್ಕೆ ಮಣ್ಣು ತೊಳೆಯಬೇಕು. 20 ಲೀಟರ್ ಕುಂಡಕ್ಕೆ ಒಟ್ಟು 40 ಲೀಟರ್ ನೀರು, ಅರ್ಧ ಗಂಟೆ ಬಿಟ್ಟು ಅರ್ಧ ಗಂಟೆಗೆ ಮೂರು ಸಲ, ತಳದಿಂದ ಹರಿದುಹೋಗುವಂತೆ. ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ತೊಳೆದ ಉಪ್ಪನ್ನೇ ಗಿಡ ಮತ್ತೆ ಕುಡಿಯುತ್ತದೆ, ಸೊಳ್ಳೆಯೂ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹೀಗೆ ಮಾಡಿ. ಎಸಿಯಿಂದ ಬೀಳುವ ನೀರು ಇದಕ್ಕೆ ಬಹಳ ಒಳ್ಳೆಯದು, ಅದರಲ್ಲಿ ಉಪ್ಪೇ ಇಲ್ಲ. ಸೆಖೆಯ ದಿನ ಒಂದು ಬಕೆಟ್ ಸುಲಭವಾಗಿ ತುಂಬುತ್ತದೆ. ಎಸಿ ಸರ್ವಿಸ್ ಮಾಡಿಸಿದ ದಿನದ ನೀರು ಮಾತ್ರ ಚೆಲ್ಲಿಬಿಡಿ, ಅದರಲ್ಲಿ ತೊಳೆಯುವ ಕೆಮಿಕಲ್ ಇರುತ್ತದೆ.

ನೀರಿನ ಬಿಸಿಯ ಬಗ್ಗೆಯೂ ಹೇಳಬೇಕು, ಇದನ್ನು ಹೊಸಬರು ಯಾರೂ ಊಹಿಸುವುದಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ಬಿದ್ದಿರುವ ಪೈಪಿನ ಮೊದಲ ನೀರು ಕೈ ಸುಡುತ್ತದೆ. ತಾರಸಿಯ ಟ್ಯಾಂಕಿನ ನೀರೂ ರಾತ್ರಿಯವರೆಗೆ ಬೆಚ್ಚಗೇ ಇರುತ್ತದೆ. ಆ ನೀರು ಬೇರಿಗೆ ಬಿದ್ದರೆ ಬೇರು ಬೆಂದುಹೋಗುತ್ತದೆ. ಸೂರ್ಯ ಹುಟ್ಟುವ ಮೊದಲು ನೀರು ಕೊಡಿ, ಪೈಪಿನ ನೀರು ತಣ್ಣಗಾಗುವವರೆಗೆ ಬಕೆಟ್‌ಗೆ ಬಿಟ್ಟುಕೊಳ್ಳಿ. ಕಪ್ಪು ಪ್ಲಾಸ್ಟಿಕ್ ಕುಂಡ ಪಶ್ಚಿಮದ ಗೋಡೆ ಪಕ್ಕ ಇದ್ದರೆ ಪೂರ್ವಕ್ಕೆ ಸರಿಸಿ, ಆಗದಿದ್ದರೆ ಇನ್ನೊಂದು ದೊಡ್ಡ ಕುಂಡದೊಳಗೆ ಇಳಿಸಿ ನಡುವೆ ಮರಳು ತುಂಬಿ. ಮೇಲೆ 5 ಸೆಂಟಿಮೀಟರ್ ದಪ್ಪ ಒಣ ಎಲೆ ಅಥವಾ ಕತ್ತರಿಸಿದ ಖರ್ಜೂರದ ಗರಿಯ ಹೊದಿಕೆ ಹಾಕಿ, ಕಾಂಡಕ್ಕೆ ತಾಗದಂತೆ ಎರಡು ಬೆರಳು ಬಿಡಿ. ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಶೇಡ್ ನೆಟ್ (ನೆರಳಿನ ಬಲೆ) ಸಾಕು, 75 ಬೇಡ. ಏಳೆಂಟು ಅಡಿ ಎತ್ತರಕ್ಕೆ ಕಟ್ಟಿ, ಕೆಳಗೆ ಕಟ್ಟಿದರೆ ಬಿಸಿ ಗಾಳಿ ಅಲ್ಲೇ ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ ಬಿಚ್ಚಲು ಮರೆಯಬೇಡಿ.

ಸೆಪ್ಟೆಂಬರ್‌ಗೆ ಮಡಿ ಮಾಡುವಾಗ ಒಂದು ಎಚ್ಚರಿಕೆ. ಅಲ್ಲಿ ಸ್ವೀಟ್ ಸಾಯಿಲ್ ಅಂತ ಮಾರುವುದು ಫಲವತ್ತಾದ ಮಣ್ಣಲ್ಲ, ಉಪ್ಪಿಲ್ಲದ ಮರಳು ಅಷ್ಟೇ. ಲೋಡುಗಟ್ಟಲೆ ತರಿಸಿ ಅದರಲ್ಲೇ ನೆಟ್ಟು ಸೋತವರು ತುಂಬಾ ಇದ್ದಾರೆ. 4 ಅಡಿ ಅಗಲ, 8 ಅಡಿ ಉದ್ದ, 1 ಅಡಿ ಎತ್ತರದ ಒಂದು ಮಡಿಗೆ ಸುಮಾರು 900 ಲೀಟರ್ ಮಿಶ್ರಣ ಬೇಕು: ಅರ್ಧ ಆ ಮರಳು, ಕಾಲು ಭಾಗ ಕಾಂಪೋಸ್ಟ್, ಅಂದರೆ 50 ಲೀಟರಿನ ನಾಲ್ಕೂವರೆ ಚೀಲ, ಇನ್ನು ಕಾಲು ಭಾಗ ಕೊಕೊಪೀಟ್, ಅಂದರೆ ಇಟ್ಟಿಗೆಯಂತೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ. 5 ಕೆಜಿ ಇಟ್ಟಿಗೆ ನೆನೆಸಿದರೆ 60–70 ಲೀಟರ್ ಆಗುತ್ತದೆ, ನಾಲ್ಕು ಇಟ್ಟಿಗೆ ತನ್ನಿ. ಕೊಕೊಪೀಟ್‌ನಲ್ಲೂ ಉಪ್ಪಿರುತ್ತದೆ, ಎರಡು ಸಲ ನೆನೆಸಿ ಹಿಂಡಿ. ಎರಡು ಮಡಿ ಮಾಡಿದರೆ ಇಬ್ಬರಿಗೆ ಬೇಕಾದಷ್ಟು ಸೊಪ್ಪು ತರಕಾರಿ ಆಗುತ್ತದೆ, ಇಡೀ 240 ಚದರಡಿ ಅಗೆಯುವ ಅಗತ್ಯವಿಲ್ಲ. ಬಾಡಿಗೆ ಮನೆ, ಓನರ್‌ಗೆ ಮೊದಲೇ ಹೇಳಿಬಿಡಿ. ನುಗ್ಗೆಯನ್ನು ಕೊಳಚೆ ಪೈಪಿನ ಹತ್ತಿರ ಹಾಕಬೇಡಿ.

ನೆಲದಲ್ಲಿರುವ ಗಿಡಕ್ಕೆ ದಿನಾ ಚಿಮುಕಿಸದೆ, ಎರಡು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಕೊಡಿ. ನಿಮ್ಮ ಕಡೆ ರಸ್ತೆ ಬದಿ ಕಾಣುವ ಗಾಫ್ ಮರ ನಮ್ಮ ದಸರಾದ ಬನ್ನಿಯೇ, ಆ ದೇಶದ ರಾಷ್ಟ್ರೀಯ ಮರ. ಮೇಲಿನ ಮರಳು ಕಾದರೂ ಅದು ಬದುಕುವುದು ಆಳಕ್ಕಿಳಿದ ಬೇರಿನಿಂದ. ಮೇಲೆ ಮೇಲೆ ನೀರು ಕೊಟ್ಟರೆ ಬೇರು ಮೇಲೆಯೇ ಉಳಿದು ಮೊದಲ ಬಿಸಿಗೆ ಸೊರಗುತ್ತದೆ.

ಮಲ್ಲಿಗೆ ಎಲೆ ಮಂಕಾಗಿ ಚುಕ್ಕೆ ಚುಕ್ಕೆ ಕಂಡರೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಬಿದ್ದ ಚುಕ್ಕೆ ನಡೆದಾಡಿದರೆ ಜೇಡ ನುಸಿ. ಮೂರು ದಿನಕ್ಕೊಮ್ಮೆ ಎಲೆಯಡಿಗೆ ಜೋರಾಗಿ ನೀರು ಹೊಡೆಯಿರಿ. ಬೇವಿನೆಣ್ಣೆಯಾದರೆ ಲೀಟರಿಗೆ 5 ಎಂಎಲ್, ಜೊತೆಗೆ 1 ಎಂಎಲ್ ಲಿಕ್ವಿಡ್ ಸೋಪ್, ಕತ್ತಲಾದ ಮೇಲೆ ಮಾತ್ರ. 32 ಡಿಗ್ರಿ ಮೇಲಿರುವಾಗ ಎಣ್ಣೆ, ಗಂಧಕ ಎರಡೂ ಎಲೆ ಸುಡುತ್ತವೆ, ಜೂನ್ ನಂತರ ನೀರೊಂದೇ ಗತಿ.

ನಿಮ್ಮ ವಯಸ್ಸಿನಲ್ಲಿ ಬೆಳಿಗ್ಗೆ ಏಳೂವರೆ ಒಳಗೆ ಕೆಲಸ ಮುಗಿಸಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಸೆಖೆಯಲ್ಲಿ ಎಷ್ಟು ನೀರು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ತೋಟದ ಹುಡುಗನನ್ನು ಕರೆಸುವುದಾದರೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸುವುದಕ್ಕೆ ಅಲ್ಲಿ ನಿಷೇಧವಿದೆ. ಮನೆಯ ಹಿತ್ತಲಾದರೂ ಅದನ್ನು ಪಾಲಿಸಿ, ಅವನ ಜೀವವೂ ಜೀವವೇ.

ಊರಿಗೆ ಹೋಗುವ ಎರಡು ತಿಂಗಳಿಗೆ: ಕುಂಡಗಳನ್ನೆಲ್ಲ ನೆಟ್ ಕೆಳಗೆ ಒತ್ತಾಗಿ ಜೋಡಿಸಿ. ನಲ್ಲಿಗೆ ಬ್ಯಾಟರಿ ಟೈಮರ್, ಫಿಲ್ಟರ್, ನೀರಿನ ಒತ್ತಡ ತಗ್ಗಿಸುವ ಪ್ರೆಷರ್ ರೆಡ್ಯೂಸರ್ ಕೂರಿಸಿ, ಪ್ರತಿ ಕುಂಡಕ್ಕೆ ಗಂಟೆಗೆ 2 ಲೀಟರ್ ನೀರು ತೊಟ್ಟಿಕ್ಕುವ ಎರಡು ಡ್ರಿಪ್ಪರ್ ಹಾಕಿ. ಒಂದೇ ಇದ್ದು ಸುಣ್ಣ ಕಟ್ಟಿದರೆ ಗಿಡ ಹೋಯಿತು ಅಂತಲೇ. ಬೆಳಗಿನ ಜಾವ 4ಕ್ಕೆ 15 ನಿಮಿಷ, ರಾತ್ರಿ 9ಕ್ಕೆ 15 ನಿಮಿಷ ಬಿಟ್ಟರೆ ಕುಂಡಕ್ಕೆ ದಿನಕ್ಕೆ 2 ಲೀಟರ್ ಆಯಿತು. ಟ್ಯೂಬನ್ನು ಹೊದಿಕೆಯೊಳಗೆ ಮುಚ್ಚಿ. ಹೊರಡುವುದಕ್ಕೆ ಹತ್ತು ದಿನ ಮೊದಲೇ ಚಾಲೂ ಮಾಡಿ, ಪ್ರತಿ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಅಳೆಯಿರಿ, ಬ್ಯಾಟರಿ ಹೊಸದು ಹಾಕಿ. ಬಹುಪಾಲು ತೋಟ ಸಾಯುವುದು ಕೊನೇ ದಿನದ ಅಭ್ಯಾಸದಿಂದ: ಮನೆ ಬೀಗ ಹಾಕುವಾಗ ಮೇನ್ ವಾಲ್ವ್ ತಿರುಗಿಸಿ, ಬ್ರೇಕರ್‌ಗಳನ್ನೆಲ್ಲ ಇಳಿಸಿಬಿಡುತ್ತೇವೆ, ನೀರಿನ ಪಂಪೂ ನಿಂತುಹೋಗುತ್ತದೆ. ತೋಟದ ನಲ್ಲಿಗೆ ಬೇರೆ ವಾಲ್ವ್ ಇದೆಯಾ, ಪಂಪಿನ ಬ್ರೇಕರ್ ಯಾವುದು ಅಂತ ಇವತ್ತೇ ನೋಡಿ, ಅದರ ಮೇಲೆ ಟೇಪ್ ಅಂಟಿಸಿ ಬರೆದಿಡಿ. ವಾರಕ್ಕೊಮ್ಮೆ ಬಂದು ನೋಡಲು ಒಬ್ಬರಿಗೆ ದುಡ್ಡು ಕೊಟ್ಟು ಹೇಳಿ.

ಮಲ್ಲಿಗೆ ಎಲೆಯ ಹಿಂಬದಿಯ ಫೋಟೊ, ನಿಮ್ಮ ಟೈಮರ್ ಯಾವ ನಲ್ಲಿಗೆ ಕೂರುತ್ತದೆ ಅನ್ನುವುದರ ಫೋಟೊ ಇಲ್ಲೇ ಹಾಕಿ ಸರ್. ಪ್ರೆಷರ್ ನೋಡಿ ರೆಡ್ಯೂಸರ್ ಎಷ್ಟರದು ಬೇಕು ಅಂತ ಹೇಳ್ತೀನಿ.